ಟಿಲ್ಲಿ ಕೂಗಿದ್ದು ಯಾರನ್ನು

ಒಟೀಲಿಯಾ ಹ್ರಿಂಕೊ ಎಂದರೆ ನಮ್ಮ ಬೀದಿಯಲ್ಲೇ ಅರ್ಧ ಜನಕ್ಕೆ ಯಾರೆಂದು ಹೊಳೆಯುತ್ತಿರಲಿಲ್ಲ. ಟಿಲ್ಲಿ ಎಂದರೆ ನದಿಯಾಚೆಯವರಿಗೂ ಗೊತ್ತು. ಅವಳ ಗಂಟಲು ಅಂಥದ್ದು. ಗಂಡ ಆಂಡ್ರೂ ಉಕ್ಕಿನ ಕಾರ್ಖಾನೆಯಲ್ಲಿ ತಗಡು ಎಳೆಯುವ ಯಂತ್ರದ ಪಕ್ಕ ನಿಂತು ನಿಂತು ಚಿಕ್ಕ ವಯಸ್ಸಿಗೇ ಕಿವಿ ಕಳೆದುಕೊಂಡಿದ್ದ. ಅವನಿಗೆ ಕೇಳಲೆಂದು ಕೂಗಿ ಮಾತಾಡಿ ಟಿಲ್ಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಯಿತು. ಕಾರ್ಖಾನೆ ಮುಚ್ಚಿ, ಆಂಡ್ರೂ ಸತ್ತು ವರ್ಷಗಳಾದರೂ ದನಿ ಇಳಿಯಲಿಲ್ಲ. ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ಬೆಕ್ಕಿಗೆ ಬುದ್ಧಿ ಹೇಳಿದರೆ ಪಕ್ಕದ ಮನೆಯಲ್ಲಿ ನಾನು ಕೈಯಲ್ಲಿದ್ದ ಸೌಟು ಬೀಳಿಸುತ್ತಿದ್ದೆ.

ಅವಳು ನಮ್ಮ ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಮಾಡಿ ಬಡಿಸುವ ಕೆಲಸದಲ್ಲಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರೆಲ್ಲ ಸೇರಿ ಪಿರೋಹಿ ಮಾಡುತ್ತೇವೆ. ಲಟ್ಟಿಸಿದ ಹಿಟ್ಟಿಗೆ ಆಲೂಗಡ್ಡೆ, ಚೀಸು ತುಂಬಿ ಅಂಚು ಚಿವುಟಿ ಬೇಯಿಸಿ, ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸಿ ಕೊಡುವುದು. ಊರಿಗೆ ಊರೇ ಸಾಲು ನಿಲ್ಲುತ್ತದೆ. ಆ ಅಡುಗೆಮನೆಗೆ ಟಿಲ್ಲಿಯೇ ಯಜಮಾನಿ. ಮಗಳು ಕೋಲೆಟ್ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಅವಳು ನನ್ನ ಕಿವಿಯಲ್ಲಿ, "ಹುಡುಗನ ಕೋಟು ಬಾಡಿಗೇದು ಕಣೇ" ಎಂದು ಪಿಸುಗುಟ್ಟಿದ್ದು ಪೂಜೆ ಮಾಡುತ್ತಿದ್ದ ಫಾದರಿಗೂ ಕೇಳಿಸಿತು. ಅಳಿಯ ಗ್ರೆಗ್ ಅದನ್ನೇ ಹೇಳಿಕೊಂಡು ಎಷ್ಟೋ ವರ್ಷ ನಕ್ಕ.

ಕೋಲೆಟ್ ಹುಟ್ಟಿದ ಮೇಲೆ ಟಿಲ್ಲಿಗೆ ಇನ್ನೊಂದು ಮಗುವಾಗಿತ್ತು. ಆರು ತಿಂಗಳಿಗೇ ಹುಟ್ಟಿದ ಗಂಡು. ಆಸ್ಪತ್ರೆಯವರು ಏನೂ ಮಾಡುವಂತಿಲ್ಲ ಎಂದು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಒಂದು ಮಧ್ಯಾಹ್ನ ಪೂರ್ತಿ ಮಗು ಅವಳ ಎದೆಯ ಮೇಲೆ ಉಸಿರಾಡಿತು. ಲೋಟದ ನೀರಿನಿಂದ ಅವಳೇ ಜ್ಞಾನಸ್ನಾನ ಮಾಡಿಸಿ ಜೋಸೆಫ್ ಎಂದು ಹೆಸರಿಟ್ಟಳು. ಸಂಜೆಗೆ ಹೋಯಿತು. ಆ ಮಗುವಿನ ಬಗ್ಗೆ ಅವಳು ಹೆಚ್ಚು ಹೇಳುತ್ತಿರಲಿಲ್ಲ. ಆದರೆ ಗರ್ಭಪಾತ ಬೇಡ ಎನ್ನುವವರ ಮೆರವಣಿಗೆಗೆ ಪ್ರತಿ ಜನವರಿಯಲ್ಲಿ ನಮ್ಮ ಚರ್ಚಿನಿಂದ ವಾಷಿಂಗ್ಟನ್ನಿಗೆ ಬಸ್ಸು ಹೊರಡುತ್ತಿತ್ತಲ್ಲ, ಅದರಲ್ಲಿ ಮೊದಲು ಹತ್ತುವವಳು ಅವಳೇ. ಯಾಕೆ ಹೋಗುತ್ತೀ ಎಂದು ಯಾರಾದರೂ ಕೇಳಿದರೆ, "ನಾನು ಒಂದನ್ನ ಎತ್ಕೊಂಡಿದ್ದೆ. ಅದು ಮಗೂನೇ ಆಗಿತ್ತು" ಎನ್ನುತ್ತಿದ್ದಳು. ಅವಳ ವಾದವೆಲ್ಲ ಅಷ್ಟೇ.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ನನ್ನದು. ಹಿಂದಿನ ಸೀಟಿನಲ್ಲಿ ಸ್ಟೀವ್ ಬಾಬ್ಯಾಕ್, ಕಾರ್ಖಾನೆಯಿಂದ ನಿವೃತ್ತನಾದವನು. ಅವನದು ಪ್ರತಿ ವರ್ಷ ಒಂದೇ ರಗಳೆ. ಪೇಪರಿನವರು ನಮಗೆ ಅನ್ಯಾಯ ಮಾಡುತ್ತಾರೆ, ನಾವು ಲಕ್ಷ ಜನ ನಡೆದರೆ ಕೆಲವು ಸಾವಿರ ಎಂದು ಬರೆಯುತ್ತಾರೆ, ಎದುರು ನಿಂತ ಹಿಡಿಯಷ್ಟು ಜನಕ್ಕೆ ನಮ್ಮಷ್ಟೇ ಜಾಗ ಕೊಡುತ್ತಾರೆ, ನಮ್ಮಲ್ಲಿ ನೂರು ಜನ ಜಪಮಾಲೆ ಹಿಡಿದು ಸುಮ್ಮನೆ ನಡೆದರೂ ಅವರ ಕ್ಯಾಮೆರಾ ಹುಡುಕುವುದು ರಕ್ತದ ಚಿತ್ರ ಎತ್ತಿಕೊಂಡು ಅರಚುವ ಒಬ್ಬನನ್ನೇ. ಮೆರವಣಿಗೆಯ ಮಾರನೆಯ ದಿನ ಅವನು ಪೇಪರು ಹರಡಿಕೊಂಡು ಅಡಿಕೋಲಿನಲ್ಲಿ ಅಳೆಯುತ್ತಿದ್ದದ್ದು ಸುಳ್ಳಲ್ಲ.

ಟಿಲ್ಲಿ ಅವನನ್ನು ರೇಗಿಸುತ್ತಿದ್ದಳು. "ಪೇಪರಿನವರೂ ದುಡ್ಕೊಂಡು ತಿನ್ನೋ ಜನ ಕಣೋ ಸ್ಟೀವ್. ನಿನ್ ಥರ ಅಡಿಕೋಲು ಹಿಡ್ಕೊಂಡು ಕೂತ್ರೆ ಪೇಪರು ಹೊತ್ತಿಗೆ ಸರಿಯಾಗಿ ಬರಲ್ಲ."

"ನಿನಗೆ ಆಗ್ಬೇಕು, ಆಗ ಗೊತ್ತಾಗತ್ತೆ" ಎಂದು ಸ್ಟೀವ್ ಗೊಣಗುತ್ತಿದ್ದ.

ಆ ವರ್ಷ ಚಳಿ ಜೋರಾಗಿತ್ತು. ರಸ್ತೆ ಅಂಚಿನಲ್ಲೆಲ್ಲ ಹಿಮ ಗಟ್ಟಿಯಾಗಿ ಗಾಜಿನಂತೆ ಜಾರುತ್ತಿತ್ತು. ಮೆರವಣಿಗೆ ಗುಡ್ಡ ಹತ್ತಿ ದೇಶದ ದೊಡ್ಡ ನ್ಯಾಯಾಲಯದ ಹತ್ತಿರ ಬಂದಾಗ ಯಥಾಪ್ರಕಾರ ಗರ್ಭಪಾತದ ಹಕ್ಕು ಬೇಕು ಎನ್ನುವ ಇನ್ನೊಂದು ಕಡೆಯವರು ನಿಂತಿದ್ದರು, ಹೆಚ್ಚಾಗಿ ಕಾಲೇಜಿನ ಹುಡುಗಿಯರು. ಅವರೂ ಕೂಗುತ್ತಿದ್ದರು, ನಮ್ಮವರಲ್ಲಿ ಕೆಲವರೂ ಕೂಗುತ್ತಿದ್ದರು. ಹಸಿರು ಟೋಪಿಯ ಒಬ್ಬ ಹುಡುಗಿ ಹಿಂದೆ ಸರಿಯುವಾಗ ಪಾದ ತಿರುಚಿಕೊಂಡು ನಮ್ಮ ಮುಂದೆಯೇ ಬಿದ್ದಳು. ಅವಳು ಕಾಲು ಹಿಡಿದುಕೊಂಡು ಅಳತೊಡಗಿದಳು. ಅವಳ ಕಡೆಯವರು ಗಲಾಟೆಯಲ್ಲಿ ನೋಡಲಿಲ್ಲ, ನಮ್ಮ ಕಡೆಯವರು ಸುತ್ತಿಕೊಂಡು ಮುಂದೆ ನಡೆದರು. ಟಿಲ್ಲಿ ನಿಂತಳು. ರಸ್ತೆಯಾಚೆ ಆಂಬುಲೆನ್ಸಿನ ಇಬ್ಬರು ಕಾಫಿ ಕುಡಿಯುತ್ತ ನಿಂತಿದ್ದರು. ಟಿಲ್ಲಿ ಕೈ ಎತ್ತಿ, ಹುಡುಗಿಯ ಕಡೆ ಬೆರಳು ತೋರಿಸಿ, ಇದ್ದ ಗಂಟಲೆಲ್ಲ ಬಿಟ್ಟು ಅವರನ್ನು ಕೂಗಿದಳು. ಬೀದಿಯ ಅಷ್ಟು ಗದ್ದಲದಲ್ಲೂ ಅವರಿಗೆ ಕೇಳಿಸಿತು. ಓಡಿ ಬಂದರು.

ಅವರು ಬರುವಷ್ಟರಲ್ಲಿ ಟಿಲ್ಲಿ ಮೊಣಕಾಲೂರಿ ಹಿಮದ ಮೇಲೆ ಕೂತು ತನ್ನ ಕುತ್ತಿಗೆಯ ಉಣ್ಣೆ ಬಟ್ಟೆ ಬಿಚ್ಚಿ ಆ ಹುಡುಗಿಯ ಪಾದಕ್ಕೆ ಬಿಗಿದಿದ್ದಳು. ಚೀಲದಿಂದ ಅಕ್ರೋಟು ತುಂಬಿದ ಸಿಹಿ ಬ್ರೆಡ್ಡಿನ ಚೂರು ತೆಗೆದು ಕೈಗಿಟ್ಟಳು. ಹುಡುಗಿ ಮೊದಲು ಬೇಡ ಎಂದವಳು ಆಮೇಲೆ ತಿಂದಳು. ತನ್ನ ಅಕ್ಕ ಕಷ್ಟದಲ್ಲಿದ್ದಾಗ ಯಾರೂ ಜೊತೆಗೆ ನಿಲ್ಲಲಿಲ್ಲ, ಅದಕ್ಕೇ ತಾನು ಇಲ್ಲಿಗೆ ಬರುವುದು ಎಂದಳು. ಟಿಲ್ಲಿ ತನ್ನ ಜೋಸೆಫನ ವಿಷಯ ಹೇಳಿದಳು. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಹುಡುಗಿ ಉಣ್ಣೆ ಬಟ್ಟೆ ವಾಪಸು ಕೊಡಲು ಹೋದಳು. ಇಟ್ಟುಕೋ ಎಂದು ಟಿಲ್ಲಿ ಗದರಿದಳು. ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಇದರಲ್ಲಿ ಒಂದು ಮಾತೂ ನಾನು ಸೇರಿಸಿ ಹೇಳುತ್ತಿಲ್ಲ.

ಮಾರನೆಯ ಬೆಳಿಗ್ಗೆ ಸ್ಟೀವ್ ಬಾಬ್ಯಾಕ್ ಪೇಪರು ಬೀಸುತ್ತ ಟಿಲ್ಲಿಯ ಅಡುಗೆಮನೆಗೆ ನುಗ್ಗಿದ. ನಾನೂ ಅಲ್ಲೇ ಕಾಫಿಗೆ ಕೂತಿದ್ದೆ. ಅವನ ಮುಖದಲ್ಲಿ ತಾನು ಹೇಳಿದ್ದೇ ನಿಜವಾಯಿತೆಂಬ ಗೆಲುವಿತ್ತು. ಪೇಪರನ್ನು ಮೇಜಿನ ಮೇಲೆ ಹರಡಿ, ಟಿಲ್ಲಿಯ ಮುಖ ನೋಡಿದ ಮೇಲೆ ಆ ಗೆಲುವು ಇಳಿಯಿತು.

ನಗರದ ದೊಡ್ಡ ಪತ್ರಿಕೆ. ಮೊದಲ ಪುಟದ ಮೇಲ್ಭಾಗದಲ್ಲಿ ಫೋಟೋ. ಬಾಯಿ ಅಷ್ಟಗಲ ತೆರೆದು, ಹುಬ್ಬು ಗಂಟಿಕ್ಕಿ, ಕತ್ತಿನ ನರ ಉಬ್ಬಿಸಿಕೊಂಡು ಬೆರಳು ಚಾಚಿದ ಟಿಲ್ಲಿ. ಅವಳ ಬೆರಳಿನ ಕೆಳಗೆ ನೆಲದ ಮೇಲೆ ಕುಸಿದು ಅಳುತ್ತಿರುವ ಹುಡುಗಿ. ಆಂಬುಲೆನ್ಸಿನವರು ಫೋಟೋದಲ್ಲಿಲ್ಲ. ಪಾದವೂ ಇಲ್ಲ, ಅಲ್ಲಿಗೆ ಕತ್ತರಿಸಿದ್ದರು. ಅಡಿಬರಹದಲ್ಲಿ ಹೀಗಿತ್ತು: ಗರ್ಭಪಾತ ವಿರೋಧಿ ಮೆರವಣಿಗೆಯಲ್ಲಿ ಕೂಗುತ್ತಿರುವ ಮಹಿಳೆ. ಎದುರಿನ ಗುಂಪಿನ ಯುವತಿಯೊಬ್ಬಳು ಕಣ್ಣೀರಿನಲ್ಲಿ.

ಟಿಲ್ಲಿ ಬಹಳ ಹೊತ್ತು ನೋಡಿದಳು. "ಇದು ನಾನೇನಾ?" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆ ಫೋಟೋ ಬೇರೆ ಬೇರೆ ಊರಿನ ಪತ್ರಿಕೆಗಳಲ್ಲೂ ಬಂತು, ಟೀವಿಯಲ್ಲೂ ತೋರಿಸಿದರು. ಯಾರೋ ಹೆಸರು ಪತ್ತೆ ಮಾಡಿದರು. ಫೋನು ಬರತೊಡಗಿತು. ಕೆಲವರು ಬೈದು ಇಟ್ಟರು, ಕೆಲವರು ಏನೂ ಹೇಳದೆ ಉಸಿರು ಬಿಟ್ಟು ಇಟ್ಟರು. ಶಾಲೆಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಜೆರಾಲ್ಡಿನ್ ಬಂದು, ಗಲಾಟೆ ಅಡಗುವವರೆಗೆ ಮನೆಯಲ್ಲಿರು ಟಿಲ್ಲಿ, ಮಕ್ಕಳ ತಂದೆತಾಯಿ ಕೆಲವರು ಕೇಳುತ್ತಿದ್ದಾರೆ ಎಂದಳು. ಸಿಸ್ಟರ್‌ಗೂ ಕಣ್ಣು ತುಂಬಿತ್ತು.

ಇವೆಲ್ಲಕ್ಕಿಂತ ಅವಳನ್ನು ಕುಗ್ಗಿಸಿದ್ದು ಬೇರೆ. ಭಾನುವಾರ ಪೂಜೆ ಮುಗಿಸಿ ಹೊರಬರುವಾಗ ನಮ್ಮ ಚರ್ಚಿನವನೇ ಒಬ್ಬ, ಒಳ್ಳೆಯ ಮನುಷ್ಯ, ಅವಳ ಬೆನ್ನು ತಟ್ಟಿ, "ಆ ಹುಡುಗಿಗೆ ಸರಿಯಾಗಿ ಕೊಟ್ಟೆ ಟಿಲ್ಲಿ" ಎಂದ. ಪಕ್ಕದಲ್ಲಿದ್ದವರು ನಕ್ಕರು. ಟಿಲ್ಲಿ ನಡೆದದ್ದನ್ನು ಹೇಳಿದಳು. ಅವನು, ಹೌದಾ, ಹಾಗಾ, ಎಂದು ಹೇಳಿ ಕಾರಿನ ಕಡೆ ಹೋದ. ಅವನಿಗೆ ನಿರಾಸೆಯಾದ ಹಾಗಿತ್ತು.

ದಾರಿಯಲ್ಲಿ ಟಿಲ್ಲಿ ನನಗೆ ಹೇಳಿದಳು. "ಆ ಕಡೆಯೋರು ನಂಬಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ ಐರಿನ್. ನಮ್ಮೋರೂ ನಂಬಿದ್ರಲ್ಲ. ನಂಬಿ ಖುಷಿಪಟ್ರಲ್ಲ."

ಪತ್ರಿಕೆಯ ಕಚೇರಿಗೆ ಹೋಗೋಣ ಎಂದು ನಾನೇ ಎಬ್ಬಿಸಿದೆ. ಮುಂಚೆ ಫೋನು ಮಾಡಿ ಸಮಯ ಕೇಳಿಕೊಂಡು ಹೋದೆವು. ಕಿರಿಚಾಡುವವರು ಯಾರಾದರೂ ಸಿಗುತ್ತಾರೆಂದು ನಾನು ಸಿದ್ಧಳಾಗಿದ್ದೆ. ಸಿಕ್ಕಿದವಳು ಲ್ಯಾಂಗ್‌ಡನ್ ಎಂಬ ಉಪಸಂಪಾದಕಿ, ನಲವತ್ತರ ಆಸುಪಾಸು, ಸಭ್ಯಸ್ಥೆ. ಕುರ್ಚಿ ಎಳೆದು ಕೂರಿಸಿದಳು, ಕಾಫಿ ತರಿಸಿದಳು, ನಾವು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದಳು. ಆಂಬುಲೆನ್ಸಿನವರ ಹೆಸರು ಗೊತ್ತಾ ಎಂದಳು. ಇಲ್ಲ. ಹುಡುಗಿಯ ಹೆಸರು? ಅದೂ ಇಲ್ಲ. ಸಾಕ್ಷಿ ಎಂದರೆ ನಾನೊಬ್ಬಳು, ನಾನೂ ಅದೇ ಬಸ್ಸಿನವಳು.

"ನೀವು ಹೇಳೋದನ್ನ ನಾನು ನಂಬ್ತೀನಿ ಮಿಸೆಸ್ ಹ್ರಿಂಕೊ" ಎಂದಳು ಅವಳು. "ಆದ್ರೆ ತಪ್ಪಾಯ್ತು ಅಂತ ಹಾಕ್ಬೇಕಾದ್ರೆ ತಪ್ಪು ಎಲ್ಲಿದೆ ಅಂತ ತೋರಿಸ್ಬೇಕು. ಇದ್ರಲ್ಲಿ ಸುಳ್ಳು ಪದ ಒಂದೂ ಇಲ್ಲ. ನೀವು ಕೂಗ್ತಿದ್ರಿ. ಅವಳು ಅಳ್ತಿದ್ಲು."

"ಯಾರನ್ನ ಕೂಗ್ತಿದ್ದೆ ಅಂತ ಬರೀಬಹುದಿತ್ತಲ್ಲಮ್ಮ."

"ಫೋಟೋಗ್ರಾಫರ್ ರಸ್ತೆ ಆ ಕಡೆ ಇದ್ದ. ಅವನಿಗೆ ಗೊತ್ತಾಗಿಲ್ಲ."

"ಗೊತ್ತಾಗ್ದೇ ಇದ್ರೆ ಬಂದು ಕೇಳ್ಬಹುದಿತ್ತು. ನಾನು ಅಲ್ಲೇ ಕೂತಿದ್ದೆ, ಎಷ್ಟೋ ಹೊತ್ತು."

ಅವತ್ತು ಎಷ್ಟು ಫೋಟೋ ಬಂದಿದ್ದವು ಎಂದು ನಾನು ಕೇಳಿದೆ. ತುಂಬ ಇದ್ದವು ಎಂದಳು. ಹಾಗಾದರೆ ಇದೇ ಯಾಕೆ ಎಂದೆ. ಅವಳು ನನ್ನನ್ನಲ್ಲ, ಟಿಲ್ಲಿಯನ್ನು ನೋಡಿ ಹೇಳಿದಳು: "ಮೇಜಿನ ಮೇಲೆ ಹರಡಿದಾಗ ಇದನ್ನ ನೋಡಿ ನಮಗೆಲ್ಲ, ಹೌದು, ಅಲ್ಲಿ ಹೀಗೇ ಇರತ್ತೆ, ಅನ್ನಿಸ್ತು. ನಮ್ಮಲ್ಲಿ ಯಾರೂ ಬೇರೆ ಥರ ಯೋಚನೆ ಮಾಡ್ಲಿಲ್ಲ. ಅದು ನಿಜ."

ಅವಳು ಹಾಗೆ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಒಪ್ಪಿಕೊಂಡಳು. ಆದರೂ ಅದರಿಂದ ಪತ್ರಿಕೆಯಲ್ಲಿ ಬಂದದ್ದು ಒಳಪುಟದ ಓದುಗರ ಪತ್ರಗಳ ನಡುವೆ ಟಿಲ್ಲಿಯ ಹೆಸರಿನಲ್ಲಿ ನಾಲ್ಕಾರು ಸಾಲು. ಅದರ ಪಕ್ಕದಲ್ಲೇ, ಆ ಹೆಂಗಸಿನ ಮುಖ ನೋಡಿ ತನಗೆ ಹೆದರಿಕೆಯಾಯಿತೆಂದು ಇನ್ನೊಬ್ಬರು ಬರೆದ ಪತ್ರವಿತ್ತು. ಹುಡುಗಿ ಎಲ್ಲಾದರೂ ಬಾಯಿ ಬಿಡುತ್ತಾಳೆಂದು ನಾನು ಕಾದೆ. ಬಿಡಲಿಲ್ಲ. "ಅವಳಿಗೂ ಅವಳ ಕಡೆಯವರು ಇರ್ತಾರಲ್ಲೇ" ಎಂದಳು ಟಿಲ್ಲಿ, ಅಷ್ಟೇ.

ಆಮೇಲೆ ನಮ್ಮ ಕಡೆಯ ರೇಡಿಯೋ ಒಂದರಿಂದ ಕರೆ ಬಂತು. ಪತ್ರಿಕೆಗಳು ನಮ್ಮಂಥವರನ್ನು ಹೇಗೆ ತಿರುಚುತ್ತವೆ ಎಂದು ಪ್ರತಿ ಸಂಜೆ ಗಂಟೆಗಟ್ಟಲೆ ಮಾತಾಡುವ ಕಾರ್ಯಕ್ರಮ. ನಡೆಸುವವನು ಕ್ರೀಗರ್ ಎಂಬವನು. ನಡೆದದ್ದನ್ನು ನಡೆದ ಹಾಗೆ ಹೇಳಲು ಒಂದು ಜಾಗ ಸಿಕ್ಕಿತೆಂದು ಟಿಲ್ಲಿಗೆ ಜೀವ ಬಂದ ಹಾಗಾಯಿತು. ಒಳ್ಳೆಯ ಕೋಟು ಹಾಕಿಕೊಂಡು ಹೋದಳು. ನಾನು ಗಾಜಿನಾಚೆ ಕೂತು ಕೇಳಿದೆ. ಅವಳು ಎಲ್ಲವನ್ನೂ ಹೇಳಿದಳು. ಹುಡುಗಿ ಬಿದ್ದದ್ದು, ತನ್ನ ಅಕ್ಕನ ಮಾತು ಹೇಳಿದ್ದು; ಒಳ್ಳೆಯ ಮಗು ಅದು, ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನಾಗುತ್ತಿದ್ದೆನೋ ಎಂದೂ ಸೇರಿಸಿದಳು. ಕೊನೆಗೆ ಕ್ರೀಗರ್, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದ. ಟಿಲ್ಲಿ, "ಅವರು ನನ್ನನ್ನ ರಾಕ್ಷಸಿ ಮಾಡಿದ್ರು. ನಾವೂ ಅವರನ್ನ ಹಾಗೇ ಮಾಡ್ತೀವೋ ಏನೋ" ಎಂದಳು.

ಎರಡು ದಿನದ ಮೇಲೆ ಕಾರ್ಯಕ್ರಮ ಬಂತು. ಟಿಲ್ಲಿಯ ಅಡುಗೆಮನೆಯಲ್ಲಿ ಕೂತು ಕೇಳಿದೆವು. ಹುಡುಗಿ ಬಿದ್ದದ್ದು ಇತ್ತು. ಅಕ್ಕನ ಮಾತು ಇರಲಿಲ್ಲ. ಒಳ್ಳೆಯ ಮಗು ಎಂದದ್ದು ಇರಲಿಲ್ಲ. "ಅವರು ನನ್ನನ್ನ ರಾಕ್ಷಸಿ ಮಾಡಿದ್ರು" ಎಂಬಲ್ಲಿಗೆ ಟಿಲ್ಲಿಯ ದನಿ ನಿಂತಿತು, ಕ್ರೀಗರ್ ಗುಡುಗತೊಡಗಿದ. ಕತ್ತರಿಸಿದ್ದು ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ನಯವಾಗಿತ್ತು. ಟಿಲ್ಲಿ ಎದ್ದು ರೇಡಿಯೋ ಆರಿಸಿ ಪಾತ್ರೆ ತೊಳೆಯಲು ನಿಂತಳು. ತೊಳೆದಿದ್ದನ್ನೇ ಮತ್ತೆ ತೊಳೆದಳು.

ಕೋಲೆಟ್ ದೂರದ ಮಿನಿಯಾಪೊಲಿಸಿನಲ್ಲಿದ್ದಳು. ಆಸ್ಪತ್ರೆಯೊಂದರಲ್ಲಿ ನರ್ಸು. ಚರ್ಚಿಗೆ ಹೋಗುವುದನ್ನು ಯಾವತ್ತೋ ಬಿಟ್ಟಿದ್ದಳು, ಮೆರವಣಿಗೆಯ ವಿಷಯ ಬಂದರೆ ಮಾತು ತಿರುಗಿಸುತ್ತಿದ್ದಳು. ಆದರೂ ಪ್ರತಿ ಭಾನುವಾರ ತಪ್ಪದೆ ಅಮ್ಮನಿಗೆ ಫೋನು ಮಾಡುತ್ತಿದ್ದಳು. ಫೋಟೋ ಬಂದಂದಿನಿಂದ ಅದು ನಿಂತಿತು. ಟಿಲ್ಲಿಯೇ ಮಾಡಿದರೆ ಗ್ರೆಗ್ ಎತ್ತಿ, ಅವಳು ಡ್ಯೂಟಿಗೆ ಹೋಗಿದ್ದಾಳೆ, ಮಲಗಿದ್ದಾಳೆ ಎನ್ನುತ್ತಿದ್ದ. ಕೆಲಸ ಜಾಸ್ತಿ ಪಾಪ ಅವಳಿಗೆ ಎಂದು ಟಿಲ್ಲಿ ನನಗೆ ಹೇಳುತ್ತಿದ್ದಳು. ಅವಳೇ ಅದನ್ನು ನಂಬಿರಲಿಲ್ಲ.

ರೇಡಿಯೋದಲ್ಲಿ ಬಂದದ್ದು ಯಾರ ಮೂಲಕವೋ ಕೋಲೆಟ್ ಕಿವಿಗೆ ಬಿತ್ತು. ಆಗ ಫೋನು ಮಾಡಿದಳು. ಒಂದೇ ಮಾತು. "ನಿನಗಾಗಿದ್ದು ಮಾತ್ರ ನಿನಗೆ ಕಾಣ್ತಾ ಅಮ್ಮ?" ಎಂದು ಕೇಳಿ ಇಟ್ಟುಬಿಟ್ಟಳು.

ಈಸ್ಟರಿನ ಹಿಂದಿನ ಬುಧವಾರ ಕೋಲೆಟ್ ಬಾಡಿಗೆ ಕಾರಿನಲ್ಲಿ ಒಬ್ಬಳೇ ಬಂದಿಳಿದಳು. ಅವತ್ತು ಮಧ್ಯಾಹ್ನವಿಡೀ ಪಕ್ಕದ ಮನೆಯಿಂದ ನನಗೆ ಒಂದು ಸದ್ದೂ ಕೇಳಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಒಳಗೆ ಏನಾಯಿತೆಂದು ಟಿಲ್ಲಿ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಚರ್ಚಿನ ಇನ್ನೊಂದು ಊಟಕ್ಕೆಂದು ನೆಲಮಾಳಿಗೆಯಲ್ಲಿ ನಾವಿಬ್ಬರೇ ಹಿಟ್ಟು ನಾದುವಾಗ.

ಕೋಲೆಟ್‌ಗೆ ಎರಡು ವರ್ಷದ ಹಿಂದೆ ಬಸಿರು ನಿಂತಿತ್ತು. ಐದನೇ ತಿಂಗಳಲ್ಲಿ ಸ್ಕ್ಯಾನು ಮಾಡಿದಾಗ ಮಗುವಿನ ತಲೆಬುರುಡೆಯೇ ಬೆಳೆದಿಲ್ಲ ಎಂದು ಗೊತ್ತಾಯಿತು. ಹುಟ್ಟಿದರೂ ಬದುಕುವುದಿಲ್ಲ, ಗಂಟೆಗಳ ಮಾತು ಎಂದರು ಡಾಕ್ಟರು. ಗಂಡ ಹೆಂಡತಿ ಯೋಚಿಸಿ ತೆಗೆಸಿದರು. ಅಮ್ಮನಿಗೆ ಬಸಿರಾದದ್ದನ್ನೂ ಹೇಳಿರಲಿಲ್ಲ, ಹೋದದ್ದನ್ನೂ ಹೇಳಲಿಲ್ಲ. ಒಂದಲ್ಲ ಒಂದು ದಿನ ಹೇಳಬೇಕು, ಅಮ್ಮ ಅರ್ಥ ಮಾಡಿಕೊಂಡಾಳು ಎಂದು ಎರಡು ವರ್ಷ ಧೈರ್ಯ ಕೂಡಿಸುತ್ತಿದ್ದಳಂತೆ. ಆಗ ಪೇಪರಿನಲ್ಲಿ ಆ ಫೋಟೋ ನೋಡಿದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಜೊತೆಯವರು ಅದನ್ನು ಇಟ್ಟುಕೊಂಡು ಮಾತಾಡುತ್ತಿದ್ದಾಗ. ಅದು ತನ್ನ ಅಮ್ಮ ಎಂದು ಅವಳು ಯಾರಿಗೂ ಹೇಳಲಿಲ್ಲ.

"ನೆಲದ ಮೇಲೆ ಬಿದ್ದು ಅಳ್ತಿದ್ದೋಳು ನಾನೇ ಅನ್ನಿಸ್ತು ಅಮ್ಮ" ಎಂದಳಂತೆ.

ಟಿಲ್ಲಿ ನಡೆದದ್ದನ್ನು ಹೇಳಿದಳು. ಕೋಲೆಟ್ ನಂಬಿದಳು. ತಾಯಿ ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಫೋಟೋದ ವಿಷಯ ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಇಬ್ಬರೂ ಎದ್ದು ಊಟಕ್ಕೆ ಕೂತಿದ್ದರೆ ಆಗಿತ್ತು. ಆದರೆ ಕೋಲೆಟ್ ಕೇಳಿದಳು. "ನಾನು ಆಗಲೇ ಹೇಳಿದ್ರೆ ನೀನು ಏನಂತಿದ್ದೆ?"

ನನಗೆ ಇಷ್ಟು ಹೇಳಿ ಟಿಲ್ಲಿ ನಾದುವುದನ್ನು ನಿಲ್ಲಿಸಿ ಹಿಟ್ಟಿನ ಕೈಯನ್ನು ನೋಡಿಕೊಂಡಳು. "ಒಂದು ಸುಳ್ಳು ಹೇಳ್ಬಹುದಿತ್ತು ಐರಿನ್. ಬಾಯಿಗೆ ಬರ್ಲಿಲ್ಲ. ಬೇಡ ಅಂತಿದ್ದೆ, ಹುಟ್ಲಿ, ಎಷ್ಟು ಹೊತ್ತಿದ್ರೆ ಅಷ್ಟು ಹೊತ್ತು ಎತ್ಕೋ ಅಂತಿದ್ದೆ, ಅಂದೆ. ನೀನು ನನ್ನ ಮಾತು ಕೇಳ್ದೇ ಇದ್ರೂ ಬಂದು ನಿನ್ನ ಪಕ್ಕ ಕೂತಿರ್ತಿದ್ದೆ, ಅಂತ್ಲೂ ಅಂದೆ."

"ಅದಕ್ಕೆ ಅವಳೇನಂದ್ಲು?"

"ನಂಗೆ ಎರಡನೇದು ಮಾತ್ರ ಬೇಕಾಗಿತ್ತು ಅಂದ್ಲು."

ಜೋಸೆಫನ ಮಾತೂ ಬಂದಿತ್ತು. ಆ ಒಂದು ಮಧ್ಯಾಹ್ನ ತನ್ನ ಬದುಕಿನಲ್ಲಿ ಎಷ್ಟು ದೊಡ್ಡದು ಎಂದು ಟಿಲ್ಲಿ ಹೇಳಿದಾಗ ಕೋಲೆಟ್, "ನಿನಗೆ ಅದು ಸಿಕ್ತು, ನಿನ್ನನ್ನ ಕಾಪಾಡ್ತು. ನಂಗೆ ಅದನ್ನ ನೆನೆಸ್ಕೊಂಡ್ರೇ ಭಯ ಆಗ್ತಿತ್ತು" ಎಂದಳಂತೆ. ಮಗುವಿಗೆ ಹೆಸರಿಟ್ಟಿದ್ದೆಯಾ ಎಂದು ಟಿಲ್ಲಿ ಕೇಳಿದಳು. ಇಲ್ಲ ಎಂದಳು ಮಗಳು. ಒಂದು ಪೂಜೆ ಮಾಡಿಸಲಾ ಎಂದಳು. ಬೇಡ ಎಂದಳು. ಈಸ್ಟರಿಗೆ ನಿಲ್ಲದೆ ಗುರುವಾರವೇ ಹೊರಟುಹೋದಳು. ಹೋಗುವಾಗ ಅಮ್ಮನನ್ನು ತಬ್ಬಿಕೊಂಡಳು. ನಾನು ಕಿಟಕಿಯಿಂದ ನೋಡಿದೆ. ಬಹಳ ಹೊತ್ತು ತಬ್ಬಿಕೊಂಡಿದ್ದರು. ಆದರೂ ಕಾರು ತಿರುಗಿದ ಮೇಲೆ ಟಿಲ್ಲಿ ಮೆಟ್ಟಿಲ ಮೇಲೆ ಕೂತ ರೀತಿಯಲ್ಲೇ ಏನೂ ಸರಿಹೋಗಿಲ್ಲವೆಂದು ಗೊತ್ತಾಗುತ್ತಿತ್ತು.

ಭಾನುವಾರದ ಫೋನು ಮತ್ತೆ ಶುರುವಾಯಿತು. ಹವಾಮಾನ, ಗ್ರೆಗ್‌ನ ಬೆನ್ನುನೋವು, ಸೂಪಿಗೆ ಎಷ್ಟು ಎಲೆಕೋಸು. ಅದರಾಚೆ ಇಬ್ಬರೂ ಕಾಲಿಡುತ್ತಿರಲಿಲ್ಲ. ಶಾಲೆಯವರು ಟಿಲ್ಲಿಯನ್ನು ವಾಪಸು ಕರೆದರು. ಮಕ್ಕಳು ಏನನ್ನೂ ನೆನಪಿಟ್ಟುಕೊಂಡಿರಲಿಲ್ಲ. ಅವಳಿಗೆ ಮಾತ್ರ ಜೋರಾಗಿ ಮಾತಾಡಲು ಬಾಯಿ ತೆರೆದಾಗಲೆಲ್ಲ ಆ ಫೋಟೋ ಕಣ್ಣಿಗೆ ಕಟ್ಟುತ್ತಿತ್ತು. ಅರ್ಧಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಸಾಲಿನಲ್ಲಿ ನಿಂತ ಮಕ್ಕಳು ಏನು ಹೇಳಿದಿರಿ ಎಂದು ಎರಡೆರಡು ಸಲ ಕೇಳುವಂತಾಯಿತು.

ಮುಂದಿನ ಜನವರಿ ಬಸ್ಸಿನ ಪಟ್ಟಿಗೆ ಟಿಲ್ಲಿ ಹೆಸರು ಕೊಡಲಿಲ್ಲ. ಪತ್ರಿಕೆಯವರು ಹೆದರಿಸಿ ಕೂರಿಸಿದರು ಎಂದು ಊರಲ್ಲಿ ಮಾತಾಯಿತು. ಫಾದರ್ ಡೊಮಿನಿಕ್ ಮನೆಗೇ ಬಂದರು. ಹೆದರಬೇಡ, ಎಲ್ಲರೂ ನಿನ್ನ ಜೊತೆಗಿದ್ದೇವೆ, ಈ ಸಲ ಮುಂದಿನ ಸಾಲಿನಲ್ಲಿ ನೀನೇ ಬ್ಯಾನರು ಹಿಡಿ ಎಂದರು.

"ನನ್ನ ನಂಬಿಕೆ ಇದ್ದಲ್ಲೇ ಇದೆ ಫಾದರ್" ಎಂದಳು ಟಿಲ್ಲಿ. "ಆದ್ರೆ ನಾನು ಆ ರಸ್ತೇಲಿ ನಡೀವಾಗ ನನ್ನ ಮಗಳು ಎಲ್ಲೋ ಒಂದು ಟೀವಿ ಮುಂದೆ ಕೂತಿರ್ತಾಳೆ. ಅವಳಿಗೆ ನಾನು ಹೇಗೆ ಕಾಣ್ತೀನಿ ಅನ್ನೋದು ನನ್ನ ಕೈಲಿಲ್ಲ."

ಫಾದರಿಗೆ ಕೋಲೆಟ್ ವಿಷಯ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ಅವರು ಕಾಫಿ ಕುಡಿದು ಹೋದರು.

ಅದೇ ತಿಂಗಳು ಅದೇ ಪತ್ರಿಕೆಯ ಎಳೆಯ ವರದಿಗಾರನೊಬ್ಬ ಬಂದ. ಫೋಟೋದ ಹೆಂಗಸು ಮೆರವಣಿಗೆ ಬಿಟ್ಟಿದ್ದಾಳೆ ಎಂಬ ಸುದ್ದಿ ಅವನಿಗೆ ಸಿಕ್ಕಿತ್ತು. ಮನಸ್ಸು ಬದಲಾಯಿಸಿದಿರಾ ಎಂದು ಕೇಳಿದ. ಇಲ್ಲ ಎಂದಳು. ಹಾಗಾದರೆ ಯಾಕೆ ಬಿಟ್ಟಿರಿ? ಅದು ನಮ್ಮ ಮನೆಯ ವಿಷಯ ಎಂದಳು. ಅವನು ಪೆನ್ನು ಜೇಬಿಗಿಟ್ಟ. ಅದೇ ವಾರ ಕ್ರೀಗರ್ ಕಡೆಯಿಂದಲೂ ಫೋನು. ಪತ್ರಿಕೆಯವರು ನನ್ನ ಬಾಯಿ ಮುಚ್ಚಿಸಿದರು ಎಂದು ನೀವು ಬಂದು ಹೇಳಬೇಕು ಎಂದರು. ಯಾರೂ ಮುಚ್ಚಿಸಿಲ್ಲ ಎಂದಳು. ಆಚೆ ಕಡೆಯವರೂ ಬೇಗನೆ ಫೋನು ಇಟ್ಟರು. ಇಬ್ಬರಿಗೂ ಬೇಕಾಗಿದ್ದ ಟಿಲ್ಲಿ ಆ ಮನೆಯಲ್ಲಿರಲಿಲ್ಲ.

ಇನ್ನೂ ಕೆಲವು ವರ್ಷ ಹೀಗೇ ಕಳೆಯಿತು. ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು, ಕಾಣುವ ಹೊತ್ತಿಗೆ ಮೀರಿತ್ತು. ಕೋಲೆಟ್ ರಜೆ ಹಾಕಿ ಬಂದು ನಿಂತಳು. ನರ್ಸಿನ ಕೈ. ಹಾಸಿಗೆಯ ಬಟ್ಟೆ ಬದಲಾಯಿಸುವುದು, ಔಷಧಿ, ತುಟಿ ಒದ್ದೆ ಮಾಡುವುದು, ಎಲ್ಲವನ್ನೂ ಅಮ್ಮನಿಗೆ ನೋವಾಗದ ಹಾಗೆ ಮಾಡುತ್ತಿದ್ದಳು. ಹಗಲು ನಾನು ಹೋಗಿ ಕೂರುತ್ತಿದ್ದೆ. ತಾಯಿ ಮಗಳು ಹಳೆಯ ಮಾತುಗಳನ್ನು ಹೇಳಿಕೊಂಡು ನಗುತ್ತಿದ್ದುದೂ ಉಂಟು. ಬಾಡಿಗೆ ಕೋಟಿನ ಕತೆಗೆ ಟಿಲ್ಲಿ ನಕ್ಕು ನೋವು ಮಾಡಿಕೊಂಡಳು.

ಒಂದು ಬೆಳಿಗ್ಗೆ ನಾನು ಸೂಪು ತೆಗೆದುಕೊಂಡು ಹೋದಾಗ ಕೋಲೆಟ್ ಹಾಸಿಗೆಯ ಅಂಚಿನಲ್ಲಿ ಅಮ್ಮನ ಕೈ ಹಿಡಿದು ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಹೆಸರು ಇಟ್ಟಿದ್ವಿ ಅಮ್ಮ" ಎಂದಳು. "ಅವತ್ತು ಸುಳ್ಳು ಹೇಳ್ದೆ. ಹ್ಯಾನಾ ಅಂತ."

ಟಿಲ್ಲಿ ಕಣ್ಣು ತೆರೆಯದೆ ಆ ಹೆಸರನ್ನು ಎರಡು ಸಲ ಹೇಳಿದಳು. ತುಟಿ ಅಲುಗುತ್ತಲೇ ಇತ್ತು. ಪ್ರಾರ್ಥನೆ ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು, ಕೋಲೆಟ್‌ಗೂ ಗೊತ್ತಾಯಿತು. ಅವಳು ಕೈ ಬಿಡಲಿಲ್ಲ, ತಡೆಯಲೂ ಇಲ್ಲ. ಟಿಲ್ಲಿ ಆ ವಾರವೇ ಹೋದಳು. ಆಂಡ್ರೂ ಪಕ್ಕ, ಜೋಸೆಫನ ಚಿಕ್ಕ ಕಲ್ಲಿನ ಹತ್ತಿರ ಮಣ್ಣು ಮಾಡಿದೆವು.

ಸಮಾಧಿಯಿಂದ ಬರುವಾಗ ಕೋಲೆಟ್ ನನ್ನ ತೋಳು ಹಿಡಿದು ನಡೆದಳು. "ಅಮ್ಮ ಕೊನೆಗೆ ಏನು ಬೇಡ್ಕೊಂಡ್ಲೋ ನಂಗೆ ಗೊತ್ತಿಲ್ಲ ಐರಿನ್ ಆಂಟಿ" ಎಂದಳು. "ಮಗಳನ್ನ ಕ್ಷಮಿಸು ಅಂತಾನೋ, ಮಗೂನ ನೋಡ್ಕೋ ಅಂತಾನೋ. ಕೇಳ್ಬೇಕು ಅಂದ್ಕೊಂಡೆ. ಕೇಳ್ಲಿಲ್ಲ."

ನನಗೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಹೇಳಿ ಅವಳನ್ನು ಸಮಾಧಾನಪಡಿಸಲು ನನಗೆ ಮನಸ್ಸು ಬರಲಿಲ್ಲ. ಟಿಲ್ಲಿಯ ಮನೆಗೆ ಕರೆದುಕೊಂಡು ಬಂದು ಕೂರಿಸಿದೆ. ಬಂದವರು ಇಟ್ಟುಹೋದ ಅಡುಗೆ ಮೇಜಿನ ತುಂಬ ಇತ್ತು. ಅವಳು ಒಂದು ತಟ್ಟೆಗೆ ಹಾಕಿಕೊಂಡು, ಮುಟ್ಟದೆ, ಸಂಜೆಯವರೆಗೆ ಅಲ್ಲೇ ಕೂತಿದ್ದಳು.